ಈಶಾನ್ಯ ಮೂಲೆಯ ಕೇಬಲ್ಲು

ನೆಲ ಅಗೆಯುವವರನ್ನು ನಾನು ಬೈಯುವುದಿಲ್ಲ. ಅಗೆಯದೆ ಊರು ಬೆಳೆಯುವುದಿಲ್ಲ, ನನಗೂ ಗೊತ್ತು. ಅಗೆದು, ಒಳಗಿದ್ದದ್ದನ್ನು ಹರಿದು, ಮೇಲೆ ಮಣ್ಣೆಳೆದು, ಅದರ ಮೇಲೊಂದು ಟಿಪ್ಪರ್ ನಿಲ್ಲಿಸಿ, ‘ನಮಗೇನೂ ಗೊತ್ತಿಲ್ಲ’ ಎಂದು ಬೀಡಿ ಹಚ್ಚುವವರನ್ನು ಕಂಡರೆ ಮೈ ಉರಿಯುತ್ತದೆ. ಆ ‘ಗೊತ್ತಿಲ್ಲ’ವನ್ನು ಹಾಗೇ ಕಂಪ್ಯೂಟರಿಗೆ ಏರಿಸಿ ಊಟಕ್ಕೆ ಎದ್ದು ಹೋಗುವವರನ್ನು ಕಂಡರೆ ಇನ್ನೂ ಹೆಚ್ಚು ಉರಿಯುತ್ತದೆ.

ನನ್ನ ಹೆಸರು ಗುರುಪಾದಪ್ಪ, ಊರು ಯಶವಂತಪುರ. ಇಂಟರ್‌ನೆಟ್ಟಿನ ಫೈಬರ್ ತುಂಡಾದಾಗ ಹೋಗಿ ಕೂಡಿಸುವುದು ನನ್ನ ಹೊಟ್ಟೆಪಾಡು. ಗುಂಡಿಯ ಪಕ್ಕ ಕೊಡೆ ಬಿಡಿಸಿ, ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತ ಕೂತಿರುತ್ತೇನೆ. ಹೋಗುವವರು ಬರುವವರೆಲ್ಲ ನನ್ನನ್ನೇ ಕಳ್ಳನ ಹಾಗೆ ನೋಡಿ ‘ನೆಟ್ ಯಾವಾಗ ಬರುತ್ತೆ’ ಎಂದು ಕೇಳುತ್ತಾರೆ. ಈ ಬರಹ ನನ್ನ ಬಗ್ಗೆ ಅಲ್ಲ, ಅಂಥ ಗುಂಡಿಗಳ ಅಂಚಿನಲ್ಲಿ ನನಗೆ ಮತ್ತೆ ಮತ್ತೆ ಸಿಕ್ಕ ವನಿತಾ ಬಗ್ಗೆ.

ವನಿತಾ ಶೆಟ್ಟಿಹಳ್ಳಿಯ ಹೆಣ್ಣುಮಗಳು. ಅವಳ ತಾತನ ಕಾಲದಲ್ಲಿ ಅಲ್ಲಿ ರಾಗಿ ಹೊಲ, ಅವರೆ ಸಾಲು. ಅಪ್ಪ ನರಸಿಂಹಯ್ಯನವರ ಕಾಲದಲ್ಲಿ ಹೊಲ ಸೈಟುಗಳಾಯಿತು. ಒಂದಷ್ಟು ಮಾರಿದರು, ಒಂದಷ್ಟು ಉಳಿಸಿಕೊಂಡರು. ವನಿತಾ ಮದುವೆಯಾಗಿ ಟಿ. ದಾಸರಹಳ್ಳಿಗೆ ಹೋದಳು, ಒಂದು ಗ್ಯಾಸ್ ಕಂಪನಿಯಲ್ಲಿ ಕೆಲಸಕ್ಕೂ ಸೇರಿದಳು. ನೆಲದಡಿಯ ಗ್ಯಾಸ್ ಪೈಪಿಗೆ ಎಲ್ಲಿ ಪೆಟ್ಟು ಬಿದ್ದರೂ ಸ್ಕೂಟರಿನಲ್ಲಿ ಓಡಬೇಕು. ಯಾರು ಅಗೆದರು, ಯಾಕೆ ಅಗೆದರು, ಎಷ್ಟು ಆಳದಲ್ಲಿ ಪೆಟ್ಟು ಬಿತ್ತು, ಅಗೆಯುವ ಮುಂಚೆ ತಿಳಿಸಿದ್ದರೇ ಇಲ್ಲವೇ, ಎಲ್ಲ ಕೇಳಿ ಫೋಟೋ ತೆಗೆದು ಫೋನಿನಲ್ಲೇ ವರದಿ ಕಳಿಸಬೇಕು. ಹೇಳಲಿಕ್ಕೆ ಸುಲಭದ ಕೆಲಸ. ಆದರೆ ಅವಳ ಕಿತ್ತಳೆ ಜಾಕೆಟ್ಟು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಜೆಸಿಬಿಯವನು ಗಾಡಿ ಎತ್ತಿ ಹೊರಡುತ್ತಾನೆ, ಮೇಸ್ತ್ರಿಗೆ ಕನ್ನಡ ಮರೆತುಹೋಗುತ್ತದೆ. ನೀರಿನ ಪೈಪು ಒಡೆದಿದ್ದರೆ ಸೈಕಲ್ ಟ್ಯೂಬು ಸುತ್ತಿ ಮುಚ್ಚಿಬಿಟ್ಟಿರುತ್ತಾರೆ.

ವನಿತಾಳ ಬಾಯಿ ಜೋರು. ನಯವಾಗಿ ಕೇಳಿ ಕೆಲಸ ಮಾಡಿಸಿಕೊಳ್ಳುವ ಜಾಣತನ ಅವಳಿಗೆ ಇಲ್ಲ, ಬೇಕೂ ಇಲ್ಲ. ಹೆಬ್ಬಾಳದ ಹತ್ತಿರ ಒಮ್ಮೆ ಒಬ್ಬ ಕಂಟ್ರಾಕ್ಟರು, “ಮೇಡಂ, ಕಾರಣ ಗೊತ್ತಿಲ್ಲ ಅಂತ ಹಾಕ್ಕೊಳ್ಳಿ, ನಿಮ್ಗೇನ್ ಹೋಗ್ಬೇಕು?” ಎಂದ.

“ಪಿಕಾಸಿ ನಿನ್ನ ಕೈಲಿದೆ, ಪೈಪು ನಿನ್ನ ಕಾಲಡಿ ಸುಯ್ ಅಂತಿದೆ. ಗೊತ್ತಿಲ್ಲ ಅನ್ನೋಕೆ ನಿಂಗೆ ನಾಚ್ಕೆ ಆಗಲ್ವೇನಯ್ಯ?” ಎಂದಳು. ಸುತ್ತ ನಿಂತವರು ನಕ್ಕರು. ಅವನು ಅವಳ ಮ್ಯಾನೇಜರಿಗೆ ಫೋನ್ ಮಾಡಿ ದೂರು ಕೊಟ್ಟ. ಮ್ಯಾನೇಜರು ಅವಳಿಗೇ ಬುದ್ಧಿ ಹೇಳಿದರು.

ನಾವಿಬ್ಬರೂ ಬೇರೆ ಬೇರೆ ಕಂಪನಿಯವರು. ಒಂದೇ ಗುಂಡಿಯ ಫೋಟೋವನ್ನು ಅವಳು ಆ ಕಡೆಯಿಂದ ತೆಗೆಯುತ್ತಾಳೆ, ನಾನು ಈ ಕಡೆಯಿಂದ. ಒಬ್ಬರದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂದು ಇಬ್ಬರ ಕಂಪನಿಯಲ್ಲೂ ಕಟ್ಟಪ್ಪಣೆ. ಗುಟ್ಟಂತೆ. ಬೀದಿಯ ನಾಯಿಗಳೆಲ್ಲ ನೋಡಿಹೋದ ಗುಂಡಿಯಲ್ಲಿ ಯಾವ ಗುಟ್ಟು ಉಳಿದಿರುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಾವು ಆ ಅಪ್ಪಣೆಯನ್ನು ಮೊದಲ ವಾರದಲ್ಲೇ ಮುರಿದೆವು.

ಇನ್ನು ಅವಳ ತಮ್ಮ ಅನಂತರಾಜುವಿನ ವಿಷಯ. ಈ ಕಥೆಯಲ್ಲಿ ಸುಟ್ಟದ್ದು ಅವನ ಕೈ.

ಗೊರಗುಂಟೆಪಾಳ್ಯದಲ್ಲಿ ಅವನಿಗೊಂದು ಸಣ್ಣ ಗ್ಯಾರೇಜಿತ್ತು. ಸ್ಕೂಟರು, ಬೈಕು ರಿಪೇರಿ. ಇಂಜಿನ್ನಿನ ಸದ್ದು ಕೇಳಿಯೇ ಏನಾಗಿದೆ ಎಂದು ಹೇಳುತ್ತಿದ್ದ. ಹತ್ತರಲ್ಲಿ ಮೂರು ಸಲ ತಪ್ಪು ಹೇಳುತ್ತಿದ್ದ, ಆದರೂ ಜನ ಅವನ ಹತ್ತಿರವೇ ಹೋಗುತ್ತಿದ್ದರು, ಯಾಕೆಂದರೆ ಅವನು ನಗಿಸುತ್ತಿದ್ದ. ನರಸಿಂಹಯ್ಯನವರು ಉಳಿಸಿಕೊಂಡಿದ್ದ ಸೈಟುಗಳಲ್ಲಿ ಒಂದನ್ನು ಅವನಿಗೆ ಕೊಟ್ಟರು, ಮನೆ ಕಟ್ಟಿಕೊ ಎಂದರು. ಉತ್ತರಕ್ಕೂ ಪೂರ್ವಕ್ಕೂ ರಸ್ತೆ ಇರುವ ಮೂಲೆ ಸೈಟು. ವಾಸ್ತು ನೋಡುವವರು ಅಂಥದ್ದನ್ನು ಕಂಡರೆ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಅದರ ಈಶಾನ್ಯ ಮೂಲೆ ಎಂದರೆ ಎರಡು ರಸ್ತೆ ಕೂಡುವ ಮೂಲೆ. ಗುದ್ದಲಿ ಪೂಜೆಯ ಮೊದಲ ಏಟು ಬೀಳಬೇಕಾದ್ದೂ ಅಲ್ಲೇ.

ಆ ರಸ್ತೆಗಳ ಅಡಿಯಲ್ಲಿ ಪೀಣ್ಯದ ಕಾರ್ಖಾನೆಗಳ ಕಡೆಗೆ ಕರೆಂಟು ಒಯ್ಯುವ ದಪ್ಪ ಕೇಬಲ್ಲು ಹೋಗಿದೆ. ಅದನ್ನು ಹೂತು ನೋಡಿಕೊಳ್ಳುವುದು ಒಂದು ಖಾಸಗಿ ಕೇಬಲ್ ಕಂಪನಿ. ಹೆಸರು ಬರೆಯುವುದಿಲ್ಲ, ಬರೆದರೆ ನಾಳೆ ನನ್ನ ಕೆಲಸಕ್ಕೇ ಕುತ್ತು. ಅಗೆಯುವ ಮುಂಚೆ ಆ ಕಂಪನಿಗೆ ಫೋನ್ ಮಾಡಿದರೆ ಅವರು ಬಂದು ಯಂತ್ರ ಹಿಡಿದು, ಕೇಬಲ್ಲು ಎಲ್ಲಿದೆ ಎಂದು ನೆಲದ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದುಕೊಡಬೇಕು. ಇದು ನಿಯಮ. ಇಂಥ ನಿಯಮ ಇದೆ ಎಂದು ಶೆಟ್ಟಿಹಳ್ಳಿಯಲ್ಲಿ ಗೊತ್ತಿದ್ದದ್ದು ಬಹುಶಃ ವನಿತಾ ಒಬ್ಬಳಿಗೇ. ಅವಳು ಫೋನ್ ಮಾಡಿದಳು. ‘ಅಗೆಯುವ ದಿನ ಬೆಳಗ್ಗೆ ಹತ್ತರ ಮೇಲೆ ಬರುತ್ತೇವೆ, ಅದಕ್ಕಿಂತ ಮುಂಚೆ ನಮ್ಮ ಆಫೀಸೇ ತೆಗೆಯುವುದಿಲ್ಲ’ ಎಂದರು. ಜೋಯಿಸರು ಕೊಟ್ಟಿದ್ದ ಮುಹೂರ್ತ ಸೂರ್ಯ ಹುಟ್ಟುವ ಮುಂಚಿನದು.

ಬೆಳಗಿನ ಆ ಹೊತ್ತಿನಲ್ಲಿ ಪೂಜೆಯ ಜಾಗದಲ್ಲೇ ಅವಳು ಅಪ್ಪನ ಜೊತೆ ವಾದಕ್ಕೆ ನಿಂತಳಂತೆ.

“ಹತ್ತು ಗಂಟೆವರ್ಗೂ ತಡೀರಿ ಅಪ್ಪ. ಗೆರೆ ಹಾಕ್ಲಿ, ಆಮೇಲೆ ಅಗೀರಿ.”

“ಮುಹೂರ್ತ ಕಾಯಾಕಿಲ್ಲ ಕಣಮ್ಮ,” ಎಂದರು ನರಸಿಂಹಯ್ಯ. “ಪೂಜೆಗೆ ಒಂದೇಟು ಆಕಾದು. ಅದ್ಕೇನು ಆನೆ ಬಾವಿ ತೋಡ್ತಾರಾ? ಸುಮ್ಕಿರು ನೀನು.”

ನೆಂಟರೆಲ್ಲ ನಿಂತಿದ್ದರು. ಅರಿಸಿನ ಕುಂಕುಮ ಹಚ್ಚಿದ ಪಿಕಾಸಿ ಅನಂತರಾಜುವಿನ ಕೈಗೆ ಬಂತು. ಅವನು ಮೂಲೆಗೆ ಹೋಗಿ ಏಟು ಹಾಕಿದ. ಒಂದೇ ಏಟಿಗೆ ಸುಮ್ಮನಾಗಲಿಲ್ಲ, ಹುಮ್ಮಸ್ಸಿನಲ್ಲಿ ಇನ್ನೆರಡು ಹಾಕಿದ. ಮೊಣಕಾಲುದ್ದದ ಆಳದಲ್ಲೂ ಇರಲಿಲ್ಲ ಆ ಕೇಬಲ್ಲು. ಎದೆಮಟ್ಟದ ಹಳ್ಳ ತೋಡಿ ಹೂಳಬೇಕಾದ್ದನ್ನು ಮೇಲೆ ಮೇಲೆ ಮುಚ್ಚಿ ಹೋಗಿದ್ದರು. ಬೆಂಕಿಯ ಉಂಡೆ ಎದ್ದಿತು. ಹಿಡಿ ಮರದ್ದಾಗಿದ್ದರಿಂದ ಜೀವ ಉಳಿಯಿತು. ಬಲಗೈ ಮಣಿಕಟ್ಟಿನ ತನಕ ಬೆಂದುಹೋಯಿತು. ತಿಂಗಳುಗಟ್ಟಲೆ ಆಸ್ಪತ್ರೆ. ವಾಸಿಯಾದಾಗ ಬೆರಳುಗಳು ಒಳಕ್ಕೆ ಮಡಚಿಕೊಂಡು ನಿಂತಿದ್ದವು, ಸ್ಪಾನರ್ ಹಿಡಿಯಲು ಆಗಲಿಲ್ಲ. ಗ್ಯಾರೇಜಿಗೆ ಬೀಗ ಬಿತ್ತು.

ಅದೇ ಜಾಡಿನಲ್ಲಿ ನಮ್ಮ ಫೈಬರ್ ಕೂಡ ಸುಟ್ಟಿತ್ತು, ಹಾಗಾಗಿ ಅವತ್ತು ನನ್ನನ್ನೂ ಕರೆಸಿದ್ದರು. ನಾನು ಹೋಗುವಷ್ಟರಲ್ಲಿ ಕೇಬಲ್ ಕಂಪನಿಯವರು ಜೆಸಿಬಿ ತಂದು ಮೂಲೆಯನ್ನೆಲ್ಲ ಎಬ್ಬಿಸಿದ್ದರು. ಸೈಟಿನ ಗಡಿಕಲ್ಲು ಬದಿಗೆ ಉರುಳಿತ್ತು. ಎಲ್ಲಿಯ ತನಕ ಸೈಟು, ಎಲ್ಲಿಂದ ರಸ್ತೆ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಮನುಷ್ಯ ಸುಟ್ಟ ಜಾಗದಲ್ಲಿ ಕೇಬಲ್ಲು ಕೂಡಿಸುವ ಆತುರ ನೋಡಬೇಕಿತ್ತು ನೀವು. ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಈ ಊರಿನಲ್ಲಿ ಬೇರೆಲ್ಲೂ ನೋಡಿಲ್ಲ. ಸಂಜೆಯೊಳಗೆ ಮುಚ್ಚಿ, ನೀರು ಹಾಕಿ, ತುಳಿದು ಸಮ ಮಾಡಿದರು.

ಅವರ ವರದಿ ಬಂತು. ‘ಮನೆ ಕಟ್ಟುವವರು ತಮ್ಮ ಗಡಿ ದಾಟಿ ರಸ್ತೆಯ ಭಾಗವನ್ನು ಅಗೆದಿದ್ದಾರೆ. ಕಾರಣ: ಅಗೆದವರ ಅಜಾಗರೂಕತೆ.’ ಕೇಬಲ್ಲು ಎಷ್ಟು ಆಳದಲ್ಲಿತ್ತು ಎಂಬ ಜಾಗದಲ್ಲಿ ಏನು ಬರೆದಿದ್ದರು ಗೊತ್ತೆ? ತಿಳಿದಿಲ್ಲ. ಅವರೇ ಹೂತದ್ದು, ಅವರೇ ಅಗೆದು ತೆಗೆದದ್ದು, ಅವರೇ ಮತ್ತೆ ಮುಚ್ಚಿದ್ದು. ಆಳ ಮಾತ್ರ ತಿಳಿದಿಲ್ಲ.

ವರದಿ ಓದಿ ವನಿತಾ ಕುದಿದಳು. ಆದರೆ ಅವಳನ್ನು ನಿಜವಾಗಿ ಸುಟ್ಟದ್ದು ಅದಲ್ಲ, ಅನಂತರಾಜು ಅದನ್ನು ನಂಬಿದ್ದು. ನೆಂಟರು ಬಂದಾಗಲೆಲ್ಲ ‘ಕತ್ತಲಲ್ಲಿ ಎರಡು ಹೆಜ್ಜೆ ಆಚೆ ಹೋಗಿದ್ದಾನೆ, ಹುಡುಗಾಟದ ಬುದ್ಧಿ’ ಎಂದರು. ಇನ್ನು ಕೆಲವರು ಮುಹೂರ್ತವೇ ಸರಿಯಿರಲಿಲ್ಲ, ಸೈಟಿಗೆ ದೋಷವಿದೆ ಎಂದರು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನಾನು ನೋಡಲು ಹೋಗಿದ್ದೆ. ಎಡಗೈಯಲ್ಲಿ ಲೋಟ ಹಿಡಿದು ಕಾಫಿ ಕುಡಿಯುತ್ತಿದ್ದ.

“ಬಿಡಕ್ಕ,” ಎಂದ ವನಿತಾಗೆ. “ನಾನೇ ದಾಟಿರ್ಬೇಕು. ಇನ್ನೂ ಕತ್ಲೆ ಇತ್ತು. ಯಾಕೆ ಅವರಿವರ ಹತ್ರ ಜಗಳ?”

ವನಿತಾ ಹೊರಗೆ ಬಂದು ಸ್ಕೂಟರಿನ ಸೀಟಿಗೆ ಕೈಯಿಂದ ಗುದ್ದಿದಳು.

“ಕೈ ಸುಟ್ಟಿದ್ದು ಸಾಲ್ದು ಅಂತ ತಪ್ಪೂ ಅವನ ತಲೆಗೇ ಕಟ್ಟಿದಾರೆ ಗುರುಪಾದಣ್ಣ. ಅವನು ನಮ್ಮ ಜಾಗದಲ್ಲೇ ಅಗೆದಿದ್ದು. ನಾನು ಅಲ್ಲೇ ನಿಂತಿದ್ದೆ. ಇದು ಅವನಿಗೆ ಗೊತ್ತಾಗ್ಬೇಕು. ಅಷ್ಟೇ ನಂಗೆ ಬೇಕಾಗಿರೋದು.”

“ನೀನು ನೋಡಿದ್ದೀಯಲ್ಲ, ಹೇಳು ಅವನಿಗೆ,” ಎಂದೆ.

“ಅಕ್ಕ ಅಲ್ವಾ ನಾನು, ಹಂಗೇ ಹೇಳ್ತಾಳೆ ಅಂದ್ಕೊಂಡಿದಾನೆ.”

ಸರ್ವೆಯವರು ಬಂದು ಗಡಿಕಲ್ಲನ್ನು ಮತ್ತೆ ಅದರ ಜಾಗದಲ್ಲಿ ನೆಟ್ಟುಹೋದರು. ಗಡಿ ಗೊತ್ತಾಯಿತು. ಕೇಬಲ್ಲು ಆ ಗಡಿಯ ಒಳಗಿದೆಯೋ ಹೊರಗಿದೆಯೋ ಗೊತ್ತಾಗಬೇಕು. ಅಗೆದು ನೋಡುವ ಧೈರ್ಯ ಆ ಬೀದಿಯಲ್ಲಿ ಇನ್ನು ಯಾರಿಗೂ ಇಲ್ಲ. ಹುಡುಕುವ ಯಂತ್ರ ಇರುವುದು ಆ ಕಂಪನಿಯ ಹತ್ತಿರ. ನಕ್ಷೆ ಕೇಳಿದರೆ ಭದ್ರತೆಯ ವಿಷಯ, ಹೊರಗಿನವರಿಗೆ ಕೊಡುವುದಿಲ್ಲ ಎಂದರು. ನಮ್ಮ ಫೈಬರ್ ಅದೇ ಜಾಡಿನಲ್ಲಿದ್ದದ್ದರಿಂದ ನಮ್ಮ ಆಫೀಸಿನ ನಕ್ಷೆಯನ್ನು ನಾನೇ ತೆರೆದು ನೋಡಿದೆ. ಅದರಲ್ಲಿ ಲೈನು ರಸ್ತೆಯ ಪಕ್ಕದಲ್ಲಿ ನೆಟ್ಟಗೆ ಹೋಗಿ, ಮೂಲೆಯಲ್ಲಿ ಚೌಕವಾಗಿ ತಿರುಗಿತ್ತು. ಬಲು ಚೆನ್ನಾಗಿತ್ತು. ಹಾಳೆಯ ಮೇಲೆ ಎಲ್ಲ ಲೈನುಗಳೂ ಹಾಗೇ ತಿರುಗುತ್ತವೆ. ದಪ್ಪ ಕೇಬಲ್ಲನ್ನು ಹಾಗೆ ಚೌಕಕ್ಕೆ ಬಗ್ಗಿಸಲು ಬರುವುದಿಲ್ಲ, ಮೂಲೆಯಲ್ಲಿ ಖಾಲಿ ಸೈಟಿದ್ದರೆ ಅದರೊಳಗೆ ಅಡ್ಡ ಹೊಡೆದುಕೊಂಡು ಹೋಗಿಬಿಡುತ್ತಾರೆ ಎಂದು ಹಳ್ಳ ತೋಡಿದ ಪ್ರತಿಯೊಬ್ಬನಿಗೂ ಗೊತ್ತು. ಆದರೆ ಗೊತ್ತಿದೆ ಎಂದರೆ ಸಾಕ್ಷಿಯಾಗುವುದಿಲ್ಲ.

ಆಗ ವನಿತಾ ನನ್ನ ಫೋಟೋಗಳನ್ನೂ ಅವಳ ಫೋಟೋಗಳನ್ನೂ ಒಟ್ಟಿಗೆ ಹಾಕಿಕೊಂಡು ಕೂತಳು. ಯಲಹಂಕ, ಜಾಲಹಳ್ಳಿ, ಆರ್.ಟಿ. ನಗರ, ಎಲ್ಲ ಕಡೆಯವು. ಯಾವ ದಿನ, ಯಾವ ಹೊತ್ತು, ಸೈಟಿನ ಯಾವ ಮೂಲೆ. ಮೊದಲು ಅವಳಿಗೆ ಅನಿಸಿದ್ದು ಮಳೆಗಾಲದಲ್ಲಿ ಹೆಚ್ಚು ಎಂದು. ಆ ಎಣಿಕೆ ತಪ್ಪಿತು. ಮಳೆ ಸುರಿಯುವ ಆಷಾಢದಲ್ಲಿ ಮನೆ ಕಟ್ಟುವವರಿಂದ ಪೆಟ್ಟೇ ಇಲ್ಲ. ಶ್ರಾವಣ ಹುಟ್ಟಿದ ಕೂಡಲೇ ಸಾಲು ಸಾಲು. ಪಿತೃಪಕ್ಷದಲ್ಲಿ ಮತ್ತೆ ಇಲ್ಲ. ವಿಜಯದಶಮಿ ಕಳೆದರೆ ಮತ್ತೆ ಸಾಲು. ಹೊತ್ತು ನೋಡಿದರೆ ಬಹುಪಾಲು ನಸುಕಿನಲ್ಲೇ. ಮೂಲೆ ನೋಡಿದರೆ ಈಶಾನ್ಯ.

ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ.

“ಇವರೆಲ್ಲ ಪಂಚಾಂಗ ನೋಡ್ಕೊಂಡು ಪೈಪ್ ಒಡೀತಿದಾರೆ. ಒಂದೊಂದು ಕಂಪನೀಲಿ ನೋಡಿದ್ರೆ ಚೂರು ಪಾರು ಕಾಣ್ಸುತ್ತೆ, ಎಲ್ಲರ್ದೂ ಸೇರ್ಸಿದ್ರೆ ಕಣ್ಣಿಗೆ ಹೊಡಿಯುತ್ತೆ. ಮೂಲೆ ಸೈಟಿಗೆ ಪೂಜೆ ಹಿಂದಿನ ದಿನಾನೇ ಹೋಗಿ ಗೆರೆ ಹಾಕಿದ್ರೆ ಆಯ್ತು. ಇಷ್ಟೇ ಅಲ್ವಾ?”

ಯಲಹಂಕದಲ್ಲಿ ಎಲ್ಲ ಕಂಪನಿಗಳ ಸಭೆಯೊಂದು ನಡೆಯಿತು. ನೀರು, ಕರೆಂಟು, ಗ್ಯಾಸು, ಫೈಬರ್, ಎಲ್ಲರ ಕಡೆಯಿಂದಲೂ ಜನ. ವನಿತಾ ಮ್ಯಾನೇಜರನ್ನು ಕಾಡಿ ಬೇಡಿ ಒಳಗೆ ಬಂದಳು. ನಾನು ನಮ್ಮ ಸಾಹೇಬರ ಬ್ಯಾಗು ಹಿಡಿದುಕೊಂಡು ಹಿಂದೆ ಕೂತಿದ್ದೆ. ಅವಳು ಎದ್ದು ಹೇಳಿದಳು. ಸ್ವಲ್ಪ ಒರಟಾಗಿಯೇ ಹೇಳಿದಳು, ನಡುವೆ ಒಂದೆರಡು ಕಡೆ ತಡವರಿಸಿದಳು. ಅವಳ ಮಾತು ಕೇಳಿ ದೊಡ್ಡವರು ತಲೆ ತಗ್ಗಿಸಿದರು ಎಂದು ಬರೆಯಲು ನನಗೂ ಆಸೆಯಿದೆ. ಯಾರೂ ತಗ್ಗಿಸಲಿಲ್ಲ. ಒಬ್ಬರು ವಡೆ ತಿನ್ನುತ್ತಲೇ ಇದ್ದರು. ಒಬ್ಬರು, ಪೂಜೆ ಪುನಸ್ಕಾರವನ್ನೆಲ್ಲ ವರದಿಗೆ ತಂದರೆ ಜನರ ಭಾವನೆಗೆ ಧಕ್ಕೆಯಾಗುತ್ತದೆ ಎಂದರು. ಇನ್ನೊಬ್ಬರು, ನಮ್ಮ ಲೈನಿಗೆ ಎಲ್ಲೆಲ್ಲಿ ಪೆಟ್ಟು ಬಿದ್ದಿದೆ ಎಂದು ಬೇರೆಯವರಿಗೆ ಕೊಟ್ಟರೆ ನಮ್ಮ ಹೆಸರು ಕೆಡುತ್ತದೆ ಎಂದರು. ಭಾವನೆಗೆ ಧಕ್ಕೆ, ಹೆಸರಿಗೆ ಧಕ್ಕೆ. ಕೈ ಸುಟ್ಟುಹೋದದ್ದು ಮಾತ್ರ ಯಾರಿಗೂ ಧಕ್ಕೆಯಲ್ಲ. ನನಗೆ ಆ ಬ್ಯಾಗನ್ನು ಎತ್ತಿ ಮೇಜಿನ ಮೇಲೆ ಅಪ್ಪಳಿಸಬೇಕು ಅನಿಸಿತು. ಅಪ್ಪಳಿಸಲಿಲ್ಲ, ಸಂಬಳದವನು.

ವನಿತಾ ಕೇಬಲ್ ಕಂಪನಿಯ ಸಾಹೇಬರನ್ನು ನೇರವಾಗಿ ಕೇಳಿದಳು. “ಶೆಟ್ಟಿಹಳ್ಳಿ ಮೂಲೇಲಿ ನಿಮ್ಮ ಕೇಬಲ್ ಎಲ್ಲಿದೆ ಅಂತ ಒಂದು ಗೆರೆ ಹಾಕಿ ತೋರ್ಸಿ ಸರ್. ಅಷ್ಟು ಸಾಕು.”

“ಅಲ್ಲಿ ಈಗ ಯಾರಾದ್ರೂ ಅಗೀತಿದಾರಾ?”

“ಇಲ್ಲ.”

“ಮತ್ತೆ ಯಾಕಮ್ಮ ಗೆರೆ? ಹೊಸದಾಗಿ ಅಗೆಯೋಕೆ ತಿಳಿಸಿದ್ರೆ ಮಾತ್ರ ನಾವು ಬಂದು ಗುರುತು ಹಾಕೋದು.”

ಅವರು ಬಾಗಿಲು ಮುಚ್ಚಿದೆವು ಅಂದುಕೊಂಡರು. ವನಿತಾ ಸ್ಕೂಟರಿನ ಹತ್ತಿರ ಬರುವಷ್ಟರಲ್ಲಿ ಅದೇ ಮಾತನ್ನು ಹಿಡಿದುಕೊಂಡಿದ್ದಳು. ಅಗೆಯಬೇಕು, ಆಗ ಗೆರೆ ಹಾಕಿಯೇ ತೀರಬೇಕು. ಮನೆಯ ಕೆಲಸ ಹೇಗೂ ನಿಂತುಹೋಗಿತ್ತು, ಪೂಜೆ ಮತ್ತೆ ಆಗಲೇಬೇಕು. ಪೂಜೆಯಾಗಬೇಕಾದರೆ ಮುಹೂರ್ತ ಬೇಕು. ಅದೂ ಹತ್ತು ಗಂಟೆಯ ಮೇಲಿನ ಮುಹೂರ್ತ.

ಟಿ. ದಾಸರಹಳ್ಳಿಯ ಜೋಯಿಸರ ಮನೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಅನಂತರಾಜುವಿಗೆ ಆ ನಸುಕಿನ ಮುಹೂರ್ತ ಕೊಟ್ಟವರು ಅವರೇ. ವಯಸ್ಸಾದವರು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ನಮ್ಮನ್ನು ಕಂಡವರೇ ಎದ್ದು ಒಳಗೆ ಹೋಗಲು ನೋಡಿದರು.

“ಬೈಯೋಕೆ ಬಂದಿದ್ದೀಯೇನಮ್ಮ? ಬೈದುಬಿಡು. ನಿಮ್ಮ ನೆಂಟರೆಲ್ಲ ಆಗ್ಲೇ ಬೈದಾಯ್ತು. ಮುಹೂರ್ತ ಕೆಟ್ಟದ್ದು ಅಂತ ಊರೆಲ್ಲ ಸಾರಿದಾರೆ. ನಿಮ್ಮ ಕಡೆಯವರು ಒಬ್ರೂ ಈಗ ನನ್ನ ಕರೆಯಲ್ಲ.”

“ನಿಮ್ಮ ಮುಹೂರ್ತದ್ದೂ ತಪ್ಪಿಲ್ಲ, ನನ್ನ ತಮ್ಮನ ಕೈದೂ ತಪ್ಪಿಲ್ಲ ಸ್ವಾಮಿ,” ಎಂದಳು ವನಿತಾ. “ತಪ್ಪು ಯಾರ್ದು ಅಂತ ತೋರಿಸ್ಬೇಕು. ಅದೇ ಸೈಟಿಗೆ ಇನ್ನೊಂದು ಮುಹೂರ್ತ ಕೊಡಿ. ಹತ್ತು ಗಂಟೆ ಮೇಲೆ ಇರ್ಬೇಕು.”

ಅವರು ಕೂತರು. ಪಂಚಾಂಗವನ್ನು ಮುಟ್ಟಲೂ ಇಲ್ಲ. “ಅದಕ್ಕೇನಮ್ಮ, ನಡುಮಧ್ಯಾಹ್ನ ಅಭಿಜಿನ್ ಮುಹೂರ್ತ ಇದ್ದೇ ಇದೆಯಲ್ಲ. ಬುಧವಾರ ಒಂದು ಬಿಟ್ರೆ ಯಾವತ್ತಾದ್ರೂ ಸರಿ. ಒಳ್ಳೇ ಮುಹೂರ್ತ.”

ವನಿತಾ ಅವರನ್ನೇ ನೋಡಿದಳು. “ಮತ್ತೆ ಎಲ್ಲರ್ಗೂ ಅದನ್ನೇ ಯಾಕೆ ಕೊಡಲ್ಲ ನೀವು?”

“ಯಾರು ಕೇಳ್ತಾರೆ? ಎಲ್ಲರೂ ಆಫೀಸಿಗೆ ಹೋಗ್ಬೇಕು, ಬೆಳಗ್ಗೆ ಬೇಗ ಮುಗಿಸಿಕೊಡಿ ಅಂತಾರೆ. ಬೇಗ ಇರೋದು ನೋಡಿ ಕೊಡ್ತೀನಿ.”

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಎಲ್ಲರಿಗೂ ಆಫೀಸಿಗೆ ಹೊತ್ತಾಗುತ್ತದೆ ಎಂದು ನಸುಕಿನಲ್ಲಿ ಅಗೆಯುತ್ತಾರೆ. ಗೆರೆ ಹಾಕುವವರ ಆಫೀಸು ಹತ್ತಕ್ಕೆ ತೆಗೆಯುತ್ತದೆ. ನಡುವೆ ಒಬ್ಬನ ಕೈ ಹೋಗುತ್ತದೆ. ಶಾಸ್ತ್ರದಲ್ಲಿ ಮಧ್ಯಾಹ್ನ ಎಂಬುದೊಂದು ಸುಮ್ಮನೆ ಬಿದ್ದಿದೆ, ಅದನ್ನು ಕೇಳಿದವರಿಲ್ಲ, ಹೇಳಿದವರಿಲ್ಲ.

“ಇನ್ನೊಂದು ಮಾತು ಸ್ವಾಮಿ. ಯಾವ ಬೀದೀಲಿ ಗುದ್ದಲಿ ಪೂಜೆ ಅಂತ ನಂಗೆ ಮುಂಚೇನೇ ಹೇಳ್ತೀರಾ? ನಾನು ಫೋನ್ ಮಾಡಿ ಗೆರೆ ಹಾಕಿಸ್ತೀನಿ.”

“ಅದಾಗಲ್ಲಮ್ಮ. ಹೊರಗೆ ಗೊತ್ತಾದ್ರೆ ಇನ್ನೊಬ್ಬ ಪುರೋಹಿತ ಹೋಗಿ ಆ ಮನೆ ಹಿಡ್ಕೊಂಡುಬಿಡ್ತಾನೆ.”

ವನಿತಾ ಅವತ್ತು ಮೊದಲ ಸಲ ನಕ್ಕಳು. “ನಮ್ಮ ಮ್ಯಾನೇಜರೂ ಇದನ್ನೇ ಹೇಳಿದ್ದು,” ಎಂದಳು. ಜೋಯಿಸರಿಗೆ ಅದು ಅರ್ಥವಾಗಲಿಲ್ಲ.

ಅಪ್ಪನನ್ನು ಒಪ್ಪಿಸುವುದೇ ಕಷ್ಟವಾಯಿತು. ನರಸಿಂಹಯ್ಯನವರು ಆ ಸೈಟಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಕೊನೆಗೆ ಒಪ್ಪಿದರು, ಆದರೆ ಒಂದು ಷರತ್ತು. ಏಟು ಹಾಕುವ ಕೈ ಅನಂತರಾಜುವಿನದಾಗಬಾರದು. ಸುಟ್ಟ ಕೈಯಲ್ಲಿ ಶುಭಕಾರ್ಯ ಬೇಡವೆಂದು ನೆಂಟರು ಅವರ ಕಿವಿ ಊದಿದ್ದರು. ವನಿತಾ ಹಲ್ಲು ಕಚ್ಚಿಕೊಂಡು ಹೂಂ ಎಂದಳು. ಅನಂತರಾಜು ಬರುವುದೇ ಇಲ್ಲ ಎಂದ. ಅವಳು ಅವನನ್ನು ಬೈದು, ಅತ್ತು, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಳು.

ಮಧ್ಯಾಹ್ನದ ಬಿಸಿಲು. ನೆಂಟರು ಕಡಿಮೆ ಬಂದಿದ್ದರು, ಬಂದವರೂ ಬೀದಿಯ ಆಚೆ ನೆರಳಿನಲ್ಲಿ ನಿಂತಿದ್ದರು. ವನಿತಾ ಮುಂಚೆಯೇ ತಿಳಿಸಿದ್ದರಿಂದ ಕೇಬಲ್ ಕಂಪನಿಯಿಂದ ಗೆರೆ ಹಾಕುವ ಬಾಲರಾಜು ಎಂಬವನು ಬಂದ, ಕೈಯಲ್ಲಿ ಉದ್ದ ಕೋಲಿನಂಥ ಯಂತ್ರ, ಬಗಲಲ್ಲಿ ಕೆಂಪು ಸ್ಪ್ರೇ ಡಬ್ಬಿ. ಅವನಿಗೆ ಹಿಂದಿನ ವಿಷಯ ಗೊತ್ತಿರಲಿಲ್ಲ. ಕಳಿಸಿದವರಿಗೆ ಗೊತ್ತಿದ್ದರೆ ಅವನನ್ನು ಕಳಿಸುತ್ತಲೂ ಇರಲಿಲ್ಲ. ಅವರವರ ವರದಿ ಅವರವರ ಆಫೀಸಿನಲ್ಲೇ ಯಾರಿಗೂ ತಿಳಿಯದಂತೆ ಇಡುವ ಬುದ್ಧಿ ಅವತ್ತೊಂದು ದಿನ ನಮ್ಮ ಉಪಯೋಗಕ್ಕೆ ಬಂತು.

ಅವನು ರಸ್ತೆಯ ಅಂಚಿನಿಂದ ಶುರು ಮಾಡಿದ. ಯಂತ್ರ ಕೂಗುತ್ತಿದ್ದ ಕಡೆ ಬಣ್ಣ ಹೊಡೆಯುತ್ತ ಬಂದ. ಮೂಲೆ ಹತ್ತಿರವಾಗುತ್ತಿದ್ದಂತೆ ಕೂಗು ರಸ್ತೆಯನ್ನು ಬಿಟ್ಟಿತು. ಅವನೂ ಅದರ ಹಿಂದೆ ತಿರುಗಿದ. ಈ ಕಡೆಯ ಗಡಿ ದಾಟಿ ಸೈಟಿನೊಳಗೆ ಬಂದ, ಪೂಜೆಗೆ ಇಟ್ಟಿದ್ದ ಕಲಶದ ಪಕ್ಕದಲ್ಲೇ ಹಾದ, ಆ ಕಡೆಯ ಗಡಿ ದಾಟಿ ಇನ್ನೊಂದು ರಸ್ತೆಗೆ ಇಳಿದ. ತಿರುಗಿ ನೋಡಿದ. ಸೈಟಿನ ಈಶಾನ್ಯ ಮೂಲೆಯನ್ನು ಕತ್ತರಿಸಿಕೊಂಡು ಕೆಂಪು ಗೆರೆ ಬಿದ್ದಿತ್ತು. ಗಡಿಕಲ್ಲಿನಿಂದ ಒಳಕ್ಕೆ ಒಂದು ಮಂಚ ಹಾಕುವಷ್ಟು ಜಾಗ ಬಿಟ್ಟು.

ಅನಂತರಾಜು ನಿಧಾನವಾಗಿ ಬಂದ. ಗಡಿಕಲ್ಲಿನ ಹತ್ತಿರ ನಿಂತ, ಅಲ್ಲಿಂದ ಗೆರೆಯ ತನಕ ನಡೆದ, ಗೆರೆಯ ಮೇಲೆ ನಿಂತ.

“ಇಲ್ಲೇ ಅಕ್ಕ. ನಾನು ಏಟಾಕಿದ್ದು ಇಲ್ಲೇ.”

“ಗೊತ್ತು ಕಣೋ.”

“ಇದು ನಮ್ಮ ಜಾಗ.” ಅವನು ಬಾಲರಾಜುವಿನ ಕಡೆ ತಿರುಗಿದ. ಅನಂತರಾಜುವಿನ ಮುಖದಲ್ಲಿ ಸಿಟ್ಟು ಕಂಡು ನನಗೆ ಎಷ್ಟು ಸಂತೋಷವಾಯಿತು ಎಂದರೆ ಹೇಳತೀರದು. “ನಿಮ್ಮ ವೈರು ನಮ್ಮ ಮನೆಯೊಳಕ್ಕೆ ಯಾಕ್ ಬಂತು? ನಾನು ದಾಟಿದೀನಿ ಅಂತ ಬರೆದ್ರಲ್ಲ, ದಾಟಿರೋದು ಯಾರು?”

ಬಾಲರಾಜು ಬೆದರಿದ. “ನಂಗೇನೂ ಗೊತ್ತಿಲ್ಲ ಸರ್. ನಾನು ಗೆರೆ ಹಾಕೋನು ಅಷ್ಟೆ.” ವನಿತಾ ಫೋನ್ ಎತ್ತಿದ್ದನ್ನು ನೋಡಿ, “ಫೋಟೋ ಬೇಡ ಮೇಡಂ, ಕಂಪನಿ ಮಾಹಿತಿ ಇದು, ಹೊರಗೆ ಹೋಗೋ ಹಾಗಿಲ್ಲ,” ಎಂದ.

ಅವಳು ಫೋಟೋ ತೆಗೆದಳು. ನಾನೂ ತೆಗೆದೆ. ನೆರಳಿನಲ್ಲಿದ್ದ ನೆಂಟರು ಬಿಸಿಲಿಗೆ ಬಂದು ಒಬ್ಬೊಬ್ಬರಾಗಿ ಫೋನು ತೆಗೆದರು. ಕತ್ತಲಲ್ಲಿ ಎರಡು ಹೆಜ್ಜೆ ಆಚೆ ಹೋಗಿದ್ದಾನೆ ಎಂದು ಆಡಿದ್ದವರೂ ತೆಗೆದರು. ಗಡಿಕಲ್ಲು, ಗೆರೆ, ಗೆರೆಯ ಮೇಲೆ ಮಡಚಿದ ಬೆರಳುಗಳ ಅನಂತರಾಜು. ಐದು ನಿಮಿಷದಲ್ಲಿ ಆ ಫೋಟೋ ಶೆಟ್ಟಿಹಳ್ಳಿಯ ವಾಟ್ಸಾಪ್ ಗುಂಪುಗಳಿಗೆಲ್ಲ ಹೋಯಿತು. ಯಲಹಂಕದ ಸಭೆಯಲ್ಲಿ ಕೂತಿದ್ದವರಿಗೆಲ್ಲ ವನಿತಾ ತಾನೇ ಕಳಿಸಿದಳು. ಕೆಲಸ ಹೋದರೂ ಹೋಗಲಿ ಎಂದು ನಾನೂ ನಮ್ಮ ಸಾಹೇಬರಿಗೆ ಕಳಿಸಿದೆ.

“ಬರೆದ್ಕೊಡಿ,” ಎಂದಳು ವನಿತಾ ಬಾಲರಾಜುವಿಗೆ. “ಕೇಬಲ್ಲು ನಮ್ಮ ಗಡಿಯೊಳಗಿದೆ ಅಂತ ಬರೆದು ಸೈನ್ ಹಾಕಿ. ನಿಮ್ಮ ಸಾಹೇಬ್ರಿಗೆ ಫೋನ್ ಮಾಡಿ, ಹಳೇ ವರದಿ ತಿದ್ದೋಕೆ ಹೇಳಿ.”

“ಅದು ನನ್ನ ಕೈಲಿಲ್ಲ ಮೇಡಂ. ಆಮೇಲೆ ನೋಡೋಣ. ಮುಹೂರ್ತ ಇದೆ ಅಂತೀರ, ಪೂಜೆ ಮುಗಿಸ್ಕೊಳ್ಳಿ ಮೊದ್ಲು.” ಅವನು ಯಂತ್ರವನ್ನು ಮಡಚತೊಡಗಿದ.

ಜೋಯಿಸರು ಗಡಿಯಾರ ನೋಡಿಕೊಂಡರು. ಅಭಿಜಿನ್ ಮುಹೂರ್ತ ಬಹಳ ಹೊತ್ತು ಇರುವುದಿಲ್ಲ. ಎಲ್ಲರೂ ನರಸಿಂಹಯ್ಯನವರ ಕಡೆ ನೋಡಿದರು, ಮನೆಯ ಹಿರಿಯರು ಅವರೇ. ಅವರು ಮಗನ ಕೈಯನ್ನೇ ನೋಡುತ್ತ ನಿಂತಿದ್ದರು. ಅವತ್ತಿನಿಂದ ಇವತ್ತಿನವರೆಗೆ ಆ ಕೈಯನ್ನು ಅವರು ನೇರವಾಗಿ ನೋಡಿರಲಿಲ್ಲವೆಂದು ವನಿತಾ ಆಮೇಲೆ ಹೇಳಿದಳು. ಪೂಜೆಗೆ ಹಾಸಿದ್ದ ಚಾಪೆಯನ್ನು ಅವರು ಎಳೆದುಕೊಂಡು ಬಂದು, ಬಾಲರಾಜು ನಿಲ್ಲಿಸಿದ್ದ ಬೈಕಿನ ಮುಂದಿನ ಚಕ್ರಕ್ಕೆ ಅಡ್ಡಲಾಗಿ, ಧರಣಿ ಕೂರುವವರ ಹಾಗೆ ಹಾಸಿ ಕೂತರು.

“ಅಪ್ಪ, ಮುಹೂರ್ತ ಮೀರುತ್ತೆ,” ಎಂದಳು ವನಿತಾ.

“ಮೀರ್ಲಿ,” ಎಂದರು ನರಸಿಂಹಯ್ಯ. “ಅವೊತ್ತು ಕಾಯಾಕಿಲ್ಲ ಅಂತ ಅಂದೋನು ನಾನೇ. ಇವೊತ್ತು ಕಾಯ್ಲಿ ಅದು. ನನ್ ಮಗಂದು ತಪ್ಪಿಲ್ಲ ಅಂತ ಇವನು ಬರೆದ್ಕೊಡೋಗಂಟ ನಾನು ಏಳಾಕಿಲ್ಲ. ಬರೆದ್ಮೇಲೆ ಇದೇ ಮೂಲೆನಾಗೆ, ಗೆರೆ ಬಿಟ್ಟು, ನನ್ ಮಗಾನೇ ಏಟಾಕ್ತಾನೆ. ಎಡಗೈನಾಗೆ ಆಕ್ತಾನೆ.”

ಬಾಲರಾಜು ಫೋನ್ ತೆಗೆದು ಅವನ ಸಾಹೇಬರಿಗೆ ಹಚ್ಚಿದ. ಅತ್ತಲಿಂದ ಯಾರೂ ಎತ್ತಲಿಲ್ಲ, ಊಟದ ಹೊತ್ತು. ಜೋಯಿಸರು ಪಂಚಾಂಗ ಮುಚ್ಚಿಟ್ಟು ನರಸಿಂಹಯ್ಯನವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು. ಅನಂತರಾಜು ಗೆರೆಯ ಮೇಲಿಂದ ಕದಲಲಿಲ್ಲ.

“ಮತ್ತೆ ಮಾಡಿ,” ಎಂದ ಬಾಲರಾಜುವಿಗೆ. “ಎತ್ತೋವರ್ಗೂ ಮಾಡಿ.”